ಕಾಡಿಗೆ ಬೆಂಕಿ ಹಾಕಿದರೆ ತಗಚೆ ಸಾಯುತ್ತದೆ, ಹುಲ್ಲು ಬರುತ್ತದೆ: ಈ ಮಾತಿನಲ್ಲಿ ನಿಜವೆಷ್ಟು?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಎಲೆ ಉದುರುವ ಕಾಡುಗಳಲ್ಲಿ ನೆಲವೆಲ್ಲ ತರಗು. ಅದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಒಂದು ಬಗೆಯ ಸಲಹೆಯೂ ಓಡಾಡಲು ಶುರುವಾಗುತ್ತದೆ. ಒಮ್ಮೆ ಬೆಂಕಿ ಹಾಯಿಸಿದರೆ ತಗಚೆಯಂಥ ಕಳೆ ಬೀಜಸಮೇತ ಸುಟ್ಟುಹೋಗುತ್ತದಂತೆ. ಬೂದಿಯೇ ಗೊಬ್ಬರವಂತೆ. ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿ ಜಿಂಕೆ, ಕಾಡುಕೋಣ, ಆನೆ ಎಲ್ಲ ಕಾಡಿನಲ್ಲೇ ಉಳಿಯುತ್ತವಂತೆ, ಗದ್ದೆ ಕಡೆ ತಲೆ ಹಾಕುವುದಿಲ್ಲವಂತೆ. ಮೇಲೊಂದು ಒಗ್ಗರಣೆ: "ಅಮೆರಿಕದಲ್ಲಿ ಸರ್ಕಾರವೇ ಕಾಡಿಗೆ ಬೆಂಕಿ ಹಾಕುತ್ತದೆ, ನಮ್ಮವರು ಮಾತ್ರ ಕೇಸು ಹಾಕುತ್ತಾರೆ."

ಪೂರ್ತಿ ಓದಲು ಸಮಯ ಇಲ್ಲದವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇವೆ. ಅಮೆರಿಕದ ಮಾತು ನಿಜ. ಎಳೆ ಹುಲ್ಲು ಬರುತ್ತದೆ ಎನ್ನುವುದೂ ಒಂದಿಷ್ಟು ನಿಜ. ಆದರೆ ಬೇಸಿಗೆಯ ಬೆಂಕಿಗೆ ತಗಚೆ ನಿರ್ಮೂಲವಾಗುತ್ತದೆ ಎನ್ನುವುದು ತಪ್ಪು. ತಗಚೆ ಸೇರಿರುವ ದ್ವಿದಳ ಕುಟುಂಬದ ಎಷ್ಟೋ ಗಿಡಗಳಿಗೆ ಬೆಂಕಿಯ ಬಿಸಿ ಅಂದರೆ ಮೊಳಕೆಯೊಡೆಯಲು ಸಿಕ್ಕ ಕರೆ. ಅಮೆರಿಕದವರು ಬೆಂಕಿ ಹಾಕುವುದಕ್ಕೆ ಒಂದು ಕಾರಣವೂ ಇದೇ: ಅವರಿಗೆ ಆ ಜಾತಿಯ ಗಿಡ ಹೆಚ್ಚಬೇಕು. ನಮಗೆ ಕಡಿಮೆಯಾಗಬೇಕು.

ಇನ್ನು ವಿವರಕ್ಕೆ ಬರೋಣ.

ಕಲ್ಲುಕಾಳಿನ ಗುಟ್ಟು

ಹೆಸರುಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನೋಡಿದರೆ ಬಹುತೇಕ ಕಾಳು ಉಬ್ಬಿರುತ್ತವೆ. ನಾಲ್ಕಾರು ಕಾಳು ಮಾತ್ರ ಹಾಕಿದ ಹಾಗೇ ಸಣ್ಣಗೆ, ಗಟ್ಟಿಯಾಗಿ ತಳದಲ್ಲಿ ಕುಳಿತಿರುತ್ತವೆ. ಉಸಲಿ ತಿನ್ನುವಾಗ ಹಲ್ಲಿಗೆ ಸಿಕ್ಕಿ ಬೈಸಿಕೊಳ್ಳುವುದು ಅವೇ. ಅವು ಕೆಟ್ಟ ಕಾಳಲ್ಲ, ಒಳಗೆ ಜೀವ ಇದೆ. ಸಿಪ್ಪೆ ನೀರನ್ನು ಒಳಗೆ ಬಿಟ್ಟಿಲ್ಲ, ಅಷ್ಟೇ.

ದ್ವಿದಳ ಕುಟುಂಬದ ಅನೇಕ ಬೀಜಗಳ ಸಿಪ್ಪೆಯ ಹೊರಪದರದಲ್ಲಿ ಉದ್ದುದ್ದ ಕೋಶಗಳು ಬೇಲಿಯ ಗೂಟಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅದರ ಮೇಲೆ ಮೇಣದಂಥ ಲೇಪ. ನೀರು ನುಸುಳಲು ಜಾಗವೇ ಇಲ್ಲ. ಬೀಜದ ಕಣ್ಣಿನ ಹತ್ತಿರ ಒಂದು ಸಣ್ಣ ದುರ್ಬಲ ಜಾಗ ಮಾತ್ರ ಇರುತ್ತದೆ. ಬಿಸಿ ತಾಗಿದಾಗ ಅದು ಬಿರುಕು ಬಿಟ್ಟು ಮುಚ್ಚಳದ ಹಾಗೆ ತೆರೆದುಕೊಳ್ಳುತ್ತದೆ. ಆಮೇಲೆ ಮಳೆ ಬಿದ್ದರೆ ನೀರು ಒಳಗೆ, ಮೊಳಕೆ ಹೊರಗೆ. ಬೆಂಕಿ ಬೀಳದಿದ್ದರೆ ಬೀಜ ಮಣ್ಣಿನಲ್ಲಿ ಹಾಗೇ ವರ್ಷಗಟ್ಟಲೆ ಕಾಯುತ್ತದೆ.

ಸಸಿ ಬೆಳೆಸುವವರಿಗೆ ಇದು ಹೊಸ ವಿಷಯವೇ ಅಲ್ಲ. ಉತ್ತರ ಕನ್ನಡದ ತುಂಬ ಇರುವ ಅಕೇಶಿಯಾ ನೆಡುತೋಪುಗಳ ಸಸಿಗಳನ್ನು ಬೆಳೆಸುವಾಗ ಬೀಜವನ್ನು ಕುದಿಯುವ ನೀರಿಗೆ ಕೊಂಚ ಹೊತ್ತು ಹಾಕಿ, ಆಮೇಲೆ ತಣ್ಣೀರಿನಲ್ಲಿ ಒಂದು ದಿನ ನೆನೆಸಿಡುವುದು ವಾಡಿಕೆ. ಹಾಗೆ ಮಾಡದಿದ್ದರೆ ಮೊಳಕೆ ಬರುವುದು ಕಡಿಮೆ. ಅಕೇಶಿಯಾ ಮೂಲತಃ ಆಸ್ಟ್ರೇಲಿಯಾ ಕಡೆಯದು, ಬೆಂಕಿಗೆ ಒಗ್ಗಿ ಬಂದ ಮರ. ಅದರ ತೋಪಿಗೆ ಬೆಂಕಿ ಬಿದ್ದ ಮೇಲೆ ಬರುವ ಮಳೆಗಾಲದಲ್ಲಿ ನೆಲದ ತುಂಬ ಹಸಿರು ಹಾಸಿದಂತೆ ಸಸಿ ಏಳುವುದು ಇದೇ ಕಾರಣಕ್ಕೆ. ನರ್ಸರಿಯವರು ಪಾತ್ರೆಯಲ್ಲಿ ಮಾಡುವ ಕೆಲಸವನ್ನು ಅಲ್ಲಿ ಬೆಂಕಿ ಮಾಡಿಕೊಟ್ಟಿರುತ್ತದೆ.

ಎಷ್ಟು ಬಿಸಿ ಬೇಕು? ಒಂದೊಂದು ಜಾತಿಗೆ ಒಂದೊಂದು ಲೆಕ್ಕ. ಆದರೂ ಈ ಕುಟುಂಬದ ಬಹಳಷ್ಟು ಬೀಜಗಳಿಗೆ 80ರಿಂದ 100 ಡಿಗ್ರಿ ಸೆಲ್ಸಿಯಸ್ ಶಾಖ ಕೆಲವು ನಿಮಿಷ ತಾಗಿದರೆ ಸಾಕಾಗುತ್ತದೆ. ಅದಕ್ಕಿಂತ ತುಂಬಾ ಹೆಚ್ಚಾಗಿ, ಹೆಚ್ಚು ಹೊತ್ತು ಸುಟ್ಟರೆ ಒಳಗಿನ ಜೀವ ಬೆಂದುಹೋಗುತ್ತದೆ. ಹಾಗಾದರೆ ಜೋರಾಗಿ ಸುಟ್ಟರಾಯಿತಲ್ಲ ಎನ್ನಬೇಡಿ. ಮಣ್ಣು ಬಿಸಿಯನ್ನು ಕೆಳಗೆ ಬಿಟ್ಟುಕೊಡುವುದು ಬಹಳ ಕಡಿಮೆ. ಹುಲ್ಲು, ತರಗಿನ ಬೆಂಕಿ ಒಂದು ಜಾಗದಲ್ಲಿ ನಿಲ್ಲುವುದು ಕ್ಷಣಗಳ ಲೆಕ್ಕದಲ್ಲಿ. ಎರಡು ಮೂರು ಸೆಂಟಿಮೀಟರ್ ಆಳದಲ್ಲಿರುವ ಬೀಜಕ್ಕೆ ಅದು ಸಾಯುವ ಬಿಸಿಯಲ್ಲ. ಮೇಲೆಯೇ ಬಿದ್ದಿದ್ದ ಕೆಲವು ಬೀಜ ಸುಟ್ಟುಹೋಗುತ್ತವೆ, ಅದರ ಕೆಳಗಿನವು ಎಚ್ಚರಗೊಳ್ಳುತ್ತವೆ, ಇನ್ನೂ ಕೆಳಗಿನವು ನಿದ್ದೆ ಮುಂದುವರಿಸುತ್ತವೆ. ಬಿದ್ದ ದೊಡ್ಡ ದಿಮ್ಮಿ ಇಡೀ ದಿನ ಕನಲಿದರೆ ಮಾತ್ರ ಅದರಡಿಯ ಮಣ್ಣು ಆಳದವರೆಗೂ ಕಾಯುತ್ತದೆ. ಆದರೆ ಅಂಥ ಜಾಗದಲ್ಲಿ ತಗಚೆಯ ಜೊತೆಗೆ ಉಳಿದ ಗಿಡಗಳ ಬೀಜ, ಬೇರುಗಳೂ ಸತ್ತಿರುತ್ತವೆ.

ತಗಚೆಯ ವರ್ಷ

ತಗಚೆ ಎಂದರೆ ಯಾವುದು ಎಂದು ಕೆಲವರಿಗೆ ಗೊಂದಲವಿರಬಹುದು. ಕೆಲವು ಕಡೆ ಚಗಚೆ, ತಗಟೆ ಎನ್ನುತ್ತಾರೆ. ತುಳುವಿನಲ್ಲಿ ತಜಂಕ್, ಕೊಂಕಣಿಯಲ್ಲಿ ತಾಯ್ಕಿಳೊ, ಮರಾಠಿಯಲ್ಲಿ ಟಾಕಳಾ. ಸಸ್ಯಶಾಸ್ತ್ರಜ್ಞರ ಹೆಸರು ಸೆನ್ನಾ ಟೋರಾ, ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಟೋರಾ. ಮಳೆಗಾಲದಲ್ಲಿ ರಸ್ತೆಬದಿ, ಗೋಮಾಳ, ಕಾಡಂಚಿನ ಬಯಲಿನಲ್ಲಿ ಮಂಡಿಯೆತ್ತರ ಬೆಳೆದು ಹಳದಿ ಹೂ ಬಿಡುತ್ತದೆ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ, ಉಜ್ಜಿದರೆ ಕಟು ವಾಸನೆ. ಮೊದಲ ಮಳೆಗೆ ಬಂದ ಕುಡಿ ಮನುಷ್ಯರಿಗೆ ರುಚಿ: ಪಲ್ಯ, ತಂಬುಳಿ, ವಡೆ ಎಲ್ಲಕ್ಕೂ ಆಗುತ್ತದೆ. ಬಲಿತ ಗಿಡವನ್ನು ಮಾತ್ರ ದನವೂ ಮೂಸುವುದಿಲ್ಲ, ಜಿಂಕೆಯೂ ಮೂಸುವುದಿಲ್ಲ. ಕಾಡಿನ ಹುಲ್ಲುಬಯಲಿನಲ್ಲಿ ಅದು ಹರಡಿತೆಂದರೆ ಅಷ್ಟು ಜಾಗದ ಮೇವು ಹೋಯಿತು ಎಂದೇ ಲೆಕ್ಕ. ಸುತ್ತಲಿನ ಪ್ರಾಣಿಗಳು ಹುಲ್ಲನ್ನು ತಿಂದು ತಗಚೆಯನ್ನು ಬಿಡುವುದರಿಂದ ಅದಕ್ಕೆ ಇನ್ನಷ್ಟು ಅನುಕೂಲ.

ಈಗ ಅದರ ಪಂಚಾಂಗ ನೋಡಿ. ಜೂನ್‌ನಲ್ಲಿ ಮೊಳಕೆ. ಆಗಸ್ಟ್‌ನಿಂದ ಹೂವು. ಮಳೆ ಹಿಂದೆ ಸರಿಯುವಾಗ ಕುಡುಗೋಲಿನಂತೆ ಬಾಗಿದ ತೆಳು ಕಾಯಿ. ಚಳಿಗಾಲಕ್ಕೆ ಕಾಯಿ ಒಣಗಿ ಒಡೆದು ಬೀಜ ನೆಲಕ್ಕೆ, ಗಿಡ ಸಾವಿಗೆ. ಇದು ಒಂದೇ ವರ್ಷ ಬಾಳುವ ಗಿಡ. ಕಾಡಿಗೆ ಬೆಂಕಿ ಬೀಳುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಅಷ್ಟೊತ್ತಿಗೆ ಸುಡಲು ತಗಚೆ ಎಲ್ಲಿದೆ? ಒಣಕಡ್ಡಿ ಇದೆ, ಅಷ್ಟೇ. ಮುಂದಿನ ತಲೆಮಾರು ಆಗಲೇ ಮಣ್ಣಿನೊಳಗೆ ಸುರಕ್ಷಿತ. ಬೆಂಕಿಯಿಂದ ತಗಚೆ ಸಾಯಿಸುತ್ತೇನೆ ಎನ್ನುವುದು ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೋದಂತೆ.

ಇನ್ನೊಂದು ಪೆಟ್ಟು ಬೆಂಕಿಯ ನಂತರ ಬೀಳುತ್ತದೆ. ತರಗು, ಹುಲ್ಲಿನ ಹೊದಿಕೆ ಹೋದ ಕಪ್ಪು ನೆಲ ಮಾರ್ಚ್–ಏಪ್ರಿಲ್ ಬಿಸಿಲಿಗೆ ಇನ್ನೂ ಜೋರಾಗಿ ಕಾಯುತ್ತದೆ, ರಾತ್ರಿ ಆರುತ್ತದೆ. ದಿನಾ ಕಾದು ಆರುವ ಈ ಏರುಪೇರಿಗೂ ಗಟ್ಟಿ ಬೀಜಗಳ ಸಿಪ್ಪೆ ಸಡಿಲವಾಗುತ್ತದೆ. ಜೂನ್‌ನಲ್ಲಿ ಮಳೆ ಬಿದ್ದಾಗ ಅಲ್ಲಿ ನೆರಳಿಲ್ಲ, ಪೈಪೋಟಿಗೆ ದಟ್ಟ ಹುಲ್ಲಿಲ್ಲ. ತಗಚೆಗೆ ಇದಕ್ಕಿಂತ ಒಳ್ಳೆಯ ಮಡಿ ಯಾರು ಮಾಡಿಕೊಡುತ್ತಾರೆ?

ಹುಲ್ಲಿನ ವಿಷಯಕ್ಕೆ ನ್ಯಾಯ ಸಲ್ಲಿಸಬೇಕು. ಬಹುವಾರ್ಷಿಕ ಹುಲ್ಲುಗಳ ಜೀವ ನೆಲಮಟ್ಟದ ಬುಡದಲ್ಲಿರುತ್ತದೆ. ಮೇಲಿನ ಒಣ ಭಾಗ ಸುಟ್ಟರೆ ಬುಡದಿಂದ ಹಸಿರು ಚಿಗುರು ಬೇಗ ಬರುತ್ತದೆ, ಅದರಲ್ಲಿ ಸತ್ವವೂ ಹೆಚ್ಚು. ಹಳಿಯಾಳ, ಮುಂಡಗೋಡ ಭಾಗದ ಎಮ್ಮೆ ಸಾಕುವ ಗೌಳಿಗರಿಗಾಗಲಿ, ಬೇರೆ ದನಗಾಹಿಗಳಿಗಾಗಲಿ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತೊಂದರೆ ಏನೆಂದರೆ ಆ ಸತ್ವ ಕೆಲವೇ ವಾರದ್ದು. ಚಿಗುರಿದ ತಕ್ಷಣ ಸುತ್ತಲಿನ ಪ್ರಾಣಿಗಳೆಲ್ಲ ಅಲ್ಲಿಗೇ ಮುಗಿಬೀಳುತ್ತವೆ. ಬೇರಿನಲ್ಲಿ ಕೂಡಿಟ್ಟಿದ್ದನ್ನು ಖರ್ಚು ಮಾಡಿ ಚಿಗುರಿದ ಹುಲ್ಲನ್ನು ಮತ್ತೆ ಬುಡದವರೆಗೆ ಮೇಯಿಸಿದರೆ, ಅದೂ ವರ್ಷವರ್ಷ ಹೀಗೇ ಆದರೆ, ಹುಲ್ಲಿನ ಬುಡ ಸೊರಗುತ್ತದೆ. ಹುಲ್ಲು ಸೊರಗಿದ ಖಾಲಿ ಜಾಗ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ.

ಅಮೆರಿಕದ ಲಾವಕ್ಕಿ ಕಥೆ

ಫಾರ್ವರ್ಡ್‌ಗಳಲ್ಲಿ ಬರುವ ಅಮೆರಿಕದ ಉದಾಹರಣೆಗೆ ಆಧಾರ ಇದೆ. ಅದನ್ನು ಪೂರ್ತಿ ಹೇಳಿದರೆ ಮಾತ್ರ ಅರ್ಥ ತಲೆಕೆಳಗಾಗುತ್ತದೆ.

ಅಮೆರಿಕದ ಆಗ್ನೇಯ ರಾಜ್ಯಗಳಾದ ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಉದ್ದೆಲೆಯ ಪೈನ್ ಕಾಡುಗಳಿವೆ. ಅಲ್ಲಿ ಬಾಬ್‌ವೈಟ್ ಎಂಬ ಲಾವಕ್ಕಿ ಇದೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ಅರಣ್ಯಾಧಿಕಾರಿಗಳು ಬೆಂಕಿಯನ್ನು ಪೂರ್ತಿ ನಿಲ್ಲಿಸಬೇಕೆಂದು ಪಟ್ಟು ಹಿಡಿದಿದ್ದರು. ಹರ್ಬರ್ಟ್ ಸ್ಟಾಡರ್ಡ್ ಎಂಬ ವಿಜ್ಞಾನಿ ಈ ಲಾವಕ್ಕಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1931ರಲ್ಲಿ ಪುಸ್ತಕ ತಂದರು. ಹದವರಿತು ಹಾಕಿದ ಬೆಂಕಿ ಇಲ್ಲದಿದ್ದರೆ ಪೊದೆ ಮುಚ್ಚಿಕೊಂಡು ಹಕ್ಕಿಯ ಆಹಾರ ಹೋಗುತ್ತದೆ ಎಂದು ವಾದಿಸಿದರು. ಆಹಾರದಲ್ಲಿ ಮುಖ್ಯವಾದದ್ದು ಕಾಡು ದ್ವಿದಳ ಗಿಡಗಳ ಬೀಜ. ಅದರಲ್ಲೊಂದು ಪಾರ್ಟ್ರಿಜ್ ಪೀ ಎಂಬ ಹಳದಿ ಹೂವಿನ ಒಂದು ವರ್ಷದ ಗಿಡ. ನಂತರದ ದಶಕಗಳಲ್ಲಿ ಪ್ರಯೋಗಾಲಯಗಳಲ್ಲಿ ಇಂಥ ಬೀಜಗಳಿಗೆ ಒಣ ಬಿಸಿ, ಹಸಿ ಬಿಸಿ ಕೊಟ್ಟು ನೋಡಿದಾಗ ಬಿಸಿಗೆ ಮೊಳಕೆ ಹೆಚ್ಚುವುದು ಖಚಿತವಾಯಿತು.

ಆ ಪಾರ್ಟ್ರಿಜ್ ಪೀ ಯಾರು ಗೊತ್ತೇ? ನಮ್ಮ ತಗಚೆಯ ದಾಯಾದಿ. ಎರಡನ್ನೂ ಹಿಂದೆ ಕ್ಯಾಸಿಯಾ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಈಗ ಒಂದು ಸೆನ್ನಾ, ಇನ್ನೊಂದು ಕಮೆಕ್ರಿಸ್ಟಾ ಎಂದು ಬೇರೆ ಮಾಡಿದ್ದಾರೆ. ಗಟ್ಟಿ ಸಿಪ್ಪೆಯ ಬೀಜ, ತೆರೆದ ನೆಲ ಸಿಕ್ಕರೆ ನುಗ್ಗುವ ಗುಣ, ಎರಡಕ್ಕೂ ಇದೆ. ಅಲ್ಲಿ ಆ ಗುಣ ಹಕ್ಕಿಗೆ ಊಟ. ಇಲ್ಲಿ ಅದೇ ಗುಣ ಜಿಂಕೆಯ ಊಟಕ್ಕೆ ಕಲ್ಲು. ಅಮೆರಿಕದ ಅನುಭವವನ್ನು ನಂಬುವವರು ಅದರ ಪಾಠವನ್ನೂ ನಂಬಬೇಕಲ್ಲ: ಬೆಂಕಿ ಹಾಕಿದರೆ ಈ ಬಗೆಯ ಗಿಡ ಹೆಚ್ಚುತ್ತದೆ.

ಅಲ್ಲಿ ಬೆಂಕಿ ಹಾಕುವ ರೀತಿಯೂ ಬೇರೆ. ಗಾಳಿಯ ದಿಕ್ಕು, ತೇವಾಂಶ ನೋಡಿ, ಪರವಾನಗಿ ತೆಗೆದುಕೊಂಡು, ಸುತ್ತ ಬೆಂಕಿ ದಾಟದಂತೆ ಪಟ್ಟಿ ಬಿಡಿಸಿ, ಜನ ನಿಲ್ಲಿಸಿ ಹಾಕುತ್ತಾರೆ. ಬೀಡಿ ಹಚ್ಚಿದ ಕಡ್ಡಿಯನ್ನು ಬಿಸಾಕಿ ಮನೆಗೆ ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ದ್ವಿದಳ ಅಂದ ಮಾತ್ರಕ್ಕೆ ಗೊಬ್ಬರವಲ್ಲ

"ತಗಚೆ ಬಂದರೂ ಬರಲಿ, ದ್ವಿದಳ ಗಿಡ ತಾನೆ, ಮಣ್ಣಿಗೆ ಸಾರಜನಕ ಸೇರುತ್ತದೆ" ಎನ್ನುವವರೂ ಇದ್ದಾರೆ. ಶಾಲೆಯಲ್ಲಿ ಓದಿದ್ದು ಹಾಗೆ. ಹೆಸರು, ಉದ್ದು, ಶೇಂಗಾದ ಬೇರು ಕಿತ್ತರೆ ಗಂಟುಗಳು ಕಾಣುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಆದರೆ ತಗಚೆ ಸೇರಿರುವ ಸೆನ್ನಾ ಕುಲದ ಗಿಡಗಳಿಗೆ ಸಾಮಾನ್ಯವಾಗಿ ಈ ಬೇರುಗಂಟು ಇರುವುದೇ ಇಲ್ಲ. ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡುಗಳಿಗೆ ದೊಡ್ಡ ತಲೆನೋವಾಗಿರುವ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವೂ ಇದೇ ಕುಲದ್ದು. ಮುಂದಿನ ಮಳೆಗಾಲ ಒಂದು ತಗಚೆ ಗಿಡ ಕಿತ್ತು ಬೇರು ನೋಡಿ, ಪಕ್ಕದಲ್ಲೊಂದು ಹೆಸರಿನ ಗಿಡ ಇಟ್ಟುಕೊಂಡರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಬೂದಿಯ ಲೆಕ್ಕವೂ ಅರೆಬರೆ. ತರಗು ಸುಟ್ಟಾಗ ಅದರಲ್ಲಿದ್ದ ಸಾರಜನಕದ ಹೆಚ್ಚಿನ ಪಾಲು ಹೊಗೆಯೊಡನೆ ಗಾಳಿಗೆ ಹೋಗುತ್ತದೆ. ಪೊಟ್ಯಾಶ್, ಸುಣ್ಣ, ಒಂದಿಷ್ಟು ರಂಜಕ ಬೂದಿಯಲ್ಲಿ ಉಳಿಯುತ್ತವೆ. ಸಮತಟ್ಟು ಗದ್ದೆಯಲ್ಲಾದರೆ ಅದು ಮಣ್ಣಿಗೆ ಇಳಿಯುತ್ತದೆ. ಗುಡ್ಡದ ಇಳಿಜಾರಿನಲ್ಲಿ ಏಪ್ರಿಲ್–ಮೇ ತಿಂಗಳ ಮೊದಲ ಗುಡುಗುಮಳೆಗೇ ಬೂದಿ ಹಳ್ಳ ಸೇರುತ್ತದೆ, ಹೊದಿಕೆ ಇಲ್ಲದ ಮೇಲ್ಮಣ್ಣನ್ನೂ ಜೊತೆಗೆ ಎಳೆದುಕೊಂಡು. ಜೋಯಿಡಾದ ಹಳ್ಳಗಳೆಲ್ಲ ಎಲ್ಲಿ ಹೋಗಿ ಸೇರುತ್ತವೆ ಎಂದು ಅಲ್ಲಿನವರಿಗೆ ಗೊತ್ತು: ಕಾಳಿ ನದಿ, ಸೂಪಾ ಹಿನ್ನೀರು.

ಬೆಂಕಿ ತಾಳುವ ಮರ, ತಾಳದ ಮರ

ನಮ್ಮ ಕಾಡಿನ ದ್ವಿದಳಗಳೆಲ್ಲ ತಗಚೆಯ ದಾರಿ ಹಿಡಿದಿಲ್ಲ. ಮಾರ್ಚ್‌ನಲ್ಲಿ ಮುಂಡಗೋಡ, ಹಳಿಯಾಳ ರಸ್ತೆಯಲ್ಲಿ ಬೆಂಕಿ ಹತ್ತಿದಂತೆ ಕಾಣುವ ಮುತ್ತುಗ ಇದೇ ಕುಟುಂಬದ್ದು. ಅದರ ಬೀಜ ಕಾಗದದಂಥ ಚಪ್ಪಟೆ ಕಾಯಿಯಲ್ಲಿರುತ್ತದೆ. ಬೆಂಕಿ ಸಿಕ್ಕರೆ ಸುಟ್ಟುಹೋಗುತ್ತದೆ. ಮರ ಮಾತ್ರ ದಪ್ಪ ತೊಗಟೆಯ ಕವಚ ಹೊದ್ದು ನಿಲ್ಲುತ್ತದೆ, ಬೇರಿನಿಂದ ಹೊಸ ಚಿಗುರು ಕಳಿಸುತ್ತದೆ. ಬೀಟೆಯೂ ಬೇರಿನಿಂದ ಸಸಿ ಹುಟ್ಟಿಸಬಲ್ಲದು. ಜಂಬೆ ಕಡಿದ ಬುಡದಿಂದ ಚೆನ್ನಾಗಿ ಚಿಗುರುತ್ತದೆ. ಹೊನ್ನೆಯೂ ಎಲೆ ಉದುರುವ ಈ ಕಾಡಿನದೇ ದ್ವಿದಳ ಮರ.

ಹಾಗಾದರೆ ಬೆಂಕಿಯಿಂದ ಇವಕ್ಕೆ ನಷ್ಟವಿಲ್ಲ ಎಂದು ತಿಳಿಯಬಾರದು. ದೊಡ್ಡ ಮರ ಉಳಿಯುತ್ತದೆ, ಮಂಡಿಯೆತ್ತರದ ಸಸಿ ನೆಲಮಟ್ಟಕ್ಕೆ ಸಾಯುತ್ತದೆ. ಬೇರಿನಿಂದ ಮತ್ತೆ ಚಿಗುರುತ್ತದೆ, ಮುಂದಿನ ಬೇಸಿಗೆ ಮತ್ತೆ ಸುಡುತ್ತದೆ. ಬೆಂಕಿಗೆ ಎಟುಕದ ಎತ್ತರಕ್ಕೆ, ತೊಗಟೆ ದಪ್ಪವಾಗುವವರೆಗೆ ಬೆಳೆಯಲು ಅದಕ್ಕೆ ಸತತ ಕೆಲವು ವರ್ಷಗಳ ಬಿಡುವು ಬೇಕು. ಬಿಡುವು ಸಿಗದ ಕಾಡಿನಲ್ಲಿ ಮುದಿ ಮರಗಳಿರುತ್ತವೆ, ಮರಿಗಳಿರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಡು ಹಸಿರಾಗೇ ಕಾಣುತ್ತದೆ, ಅದಕ್ಕೇ ಇದು ಯಾರ ಗಮನಕ್ಕೂ ಬರುವುದಿಲ್ಲ.

ಪಶ್ಚಿಮಕ್ಕೆ ಹೋದಂತೆ ಲೆಕ್ಕವೇ ಬದಲು. ಜೋಯಿಡಾ ತಾಲ್ಲೂಕಿನ ಅಣಶಿ, ಕ್ಯಾಸಲ್‌ರಾಕ್ ಕಡೆ ಹಳಿಯಾಳಕ್ಕಿಂತ ಹಲವು ಪಟ್ಟು ಮಳೆ. ಅಲ್ಲಿನದು ನಿತ್ಯಹರಿದ್ವರ್ಣ ಕಾಡು, ತೆಳು ತೊಗಟೆಯ ಮರಗಳು. ಎಷ್ಟೋ ಮರಗಳ ಬೀಜ ಒಣಗಿದರೇ ಸಾಯುತ್ತದೆ, ಇನ್ನು ಬೆಂಕಿ ತಾಳುವ ಮಾತೆಲ್ಲಿ. ಅಲ್ಲಿ ಬೆಂಕಿಯಿಂದ ಯಾವ ಲಾಭವೂ ಇಲ್ಲ. ಒಂದೇ ಫಾರ್ವರ್ಡ್ ಹಳಿಯಾಳದ ಗುಂಪಿಗೂ ಜೋಯಿಡಾದ ಗುಂಪಿಗೂ ಹೋಗುತ್ತದಲ್ಲ, ಅಲ್ಲೇ ಎಡವಟ್ಟು.

ಬೇಸಿಗೆಯೇ ಹಕ್ಕಿಗಳ ಗೂಡಿನ ಕಾಲವೂ ಹೌದು. ಕಾಡುಕೋಳಿ ನೆಲದ ಮೇಲೆ ಮೊಟ್ಟೆಯಿಡುತ್ತದೆ. ದಾಂಡೇಲಿಗೆ ಹೆಸರು ತಂದ ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲಿಗೆ ಲೇಪ ಹಾಕಿಕೊಂಡಿರುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ಕೊಡುತ್ತದೆ. ಬುಡಕ್ಕೆ ಬೆಂಕಿ ಬಂದರೆ ಅವಳು ಥಟ್ಟನೆ ಹಾರಿಹೋಗಲಾರಳು.

ಆನೆ ಗದ್ದೆಗೆ ಬರುವುದು ನಿಲ್ಲುತ್ತದೆಯೇ?

ಹಳಿಯಾಳ, ಮುಂಡಗೋಡದ ರೈತರಿಗೆ ಇದು ಹೊಟ್ಟೆಯ ಪ್ರಶ್ನೆ. ಹಾಗಾಗಿ ಫಾರ್ವರ್ಡ್‌ನ ಈ ಭಾಗ ಹೆಚ್ಚು ಓಡುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ತಿಂಗಳು ಎಣಿಸಿ ನೋಡಿ. ಆನೆಗಳ ಕಾಟ ಜೋರಾಗುವುದು ಭತ್ತ ತೆನೆಗಟ್ಟಿ ಕಟಾವಿಗೆ ಬರುವ ಹೊತ್ತಿಗೆ, ಅಂದರೆ ಮಳೆಗಾಲ ಮುಗಿದ ಮೇಲೆ. ಮಾರ್ಚ್‌ನಲ್ಲಿ ಹಾಕಿದ ಬೆಂಕಿಯ ಚಿಗುರು ಆ ಹೊತ್ತಿಗೆ ಎಲ್ಲಿರುತ್ತದೆ? ಬಲಿತು ಒರಟಾಗಿರುತ್ತದೆ, ಅಥವಾ ಅದರ ಜಾಗದಲ್ಲಿ ತಗಚೆ ಇರುತ್ತದೆ. ಜೊತೆಗೆ, ಭತ್ತ, ಕಬ್ಬು, ಗೋವಿನಜೋಳದಲ್ಲಿ ಒಂದೇ ಕಡೆ ಸಿಗುವಷ್ಟು ಸತ್ವ ಕಾಡಿನ ಹುಲ್ಲಿನಲ್ಲಿ ಯಾವಾಗಲೂ ಇರುವುದಿಲ್ಲ. ಕಾಡಿನಲ್ಲಿ ಮೇವಿದ್ದರೂ ರುಚಿ ಹತ್ತಿದ ಆನೆ ಬರುತ್ತದೆ. ಬೆಳೆ ಪರಿಹಾರ, ಕಂದಕ, ಕಾವಲು ಇವುಗಳ ಬಗ್ಗೆ ರೈತರು ಕೇಳುವ ಪ್ರಶ್ನೆಗಳು ನ್ಯಾಯವಾದವು. ಅದಕ್ಕೆ ಉತ್ತರ ಬೆಂಕಿಪೊಟ್ಟಣದಲ್ಲಿ ಇಲ್ಲ.

ಹಾಗಾದರೆ ಬೆಂಕಿಯೇ ಬೇಡವೇ?

ಬೆಂಕಿ ಅಂದರೆ ಯಾವಾಗಲೂ ಕೆಟ್ಟದ್ದು ಎಂಬ ಫಾರ್ವರ್ಡ್ ಬಂದರೆ ಅದನ್ನೂ ನಾವು ತಪ್ಪು ಎಂದೇ ಹೇಳುತ್ತೇವೆ. ಅಸ್ಸಾಮಿನ ಕಾಜಿರಂಗದಲ್ಲಿ ಎತ್ತರದ ಹುಲ್ಲನ್ನು ಚಳಿ–ಬೇಸಿಗೆಯ ನಡುವೆ ಇಲಾಖೆಯವರೇ ತುಂಡು ತುಂಡಾಗಿ ಸುಡುತ್ತಾರೆ, ಘೇಂಡಾಮೃಗ, ಜಿಂಕೆಗಳಿಗೆ ಹೊಸ ಚಿಗುರು ಬರಲೆಂದು. ಜೋಯಿಡಾದ ಕುಣಬಿಗಳು ಹಿಂದೆ ಕುಮರಿ ಬೇಸಾಯದಲ್ಲಿ ಕಡಿದು, ಸುಟ್ಟು, ರಾಗಿ ಬಿತ್ತಿ, ಆಮೇಲೆ ಆ ಜಾಗವನ್ನು ವರ್ಷಗಟ್ಟಲೆ ಬಿಡುತ್ತಿದ್ದರು. ಬ್ರಿಟಿಷರು 19ನೇ ಶತಮಾನದಲ್ಲಿ ಮರದ ಆಸೆಗೆ ಅದನ್ನು ಕಟ್ಟಿಹಾಕಿದರು.

ನಮ್ಮ ರಾಜ್ಯದಲ್ಲಿ ಇದಕ್ಕೆ ಅತಿ ಒಳ್ಳೆಯ ಉದಾಹರಣೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆಯ ಶುರುವಿನಲ್ಲೇ, ತರಗು ಪೂರ್ತಿ ಒಣಗುವ ಮುಂಚೆ, ಮೆಲ್ಲಗೆ ನೆಲದ ಮೇಲೇ ಹರಿದು ಆರುವ ಬೆಂಕಿ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು, ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚಿತು ಎನ್ನುವುದು ಸೋಲಿಗರ ಅನುಭವ. ಸಂಶೋಧಕರೂ ಇದನ್ನು ಗಂಭೀರವಾಗಿ ತೆಗೆದುಕೊಂಡು ದಾಖಲಿಸಿದ್ದಾರೆ. ಈಗ ಲಂಟಾನ ಆಳೆತ್ತರ ಬೆಳೆದಿರುವುದರಿಂದ ಅದೇ ಬೆಂಕಿ ಹಾಕಿದರೆ ಮರದ ತಲೆಗೇ ಏರುತ್ತದೆ. ಹಳೆಯ ಪದ್ಧತಿಯನ್ನು ಹಾಗೇ ವಾಪಸ್ ತರುವುದೂ ಸುಲಭವಿಲ್ಲ.

ಅರಣ್ಯ ಇಲಾಖೆ ಹಾಕುವ ಬೆಂಕಿ ರೇಖೆ ಬೇರೆ ಬಗೆಯದು. ರಸ್ತೆ, ಗಡಿಗಳ ಉದ್ದಕ್ಕೂ ಪಟ್ಟಿಯಾಗಿ ಹುಲ್ಲು ಸವರಿ, ಕಾವಲಿನಲ್ಲಿ ಮೊದಲೇ ಸುಟ್ಟಿಡುತ್ತಾರೆ. ಆಮೇಲೆ ದೊಡ್ಡ ಬೆಂಕಿ ಬಂದರೆ ಅಲ್ಲಿಗೆ ನಿಲ್ಲಲಿ ಎಂದು. ಕಪ್ಪು ಪಟ್ಟಿಯ ಫೋಟೊ ತೆಗೆದು "ಇಲಾಖೆಯವರೇ ಕಾಡು ಸುಡುತ್ತಿದ್ದಾರೆ" ಎಂದು ಹಾಕುವ ಮುಂಚೆ ಇದು ನೆನಪಿರಲಿ.

ಕಾನೂನು ಈ ವಿಷಯದಲ್ಲಿ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯಕ್ಕೂ ಇದನ್ನು ಅನ್ವಯಿಸುತ್ತದೆ. ದಾಂಡೇಲಿ, ಅಣಶಿ ಸೇರಿ ಆಗಿರುವ, 2015ರಿಂದ ಕಾಳಿ ಎಂಬ ಹೆಸರಿನ ಹುಲಿ ಮೀಸಲು ಈ ಭಾಗದ ಬಹಳಷ್ಟು ಕಾಡನ್ನು ಒಳಗೊಂಡಿದೆ. ಒಂದು ಕಡ್ಡಿಯ ಬೆಂಕಿ ಎಲ್ಲಿಗೆ ಮುಟ್ಟುತ್ತದೆ ಎನ್ನಲು 2019ರ ಫೆಬ್ರುವರಿ ಸಾಕು. ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು ಅಲ್ಲೇ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡಿದ್ದರು. ಸೊಪ್ಪಿನ ಕೊಂಬೆ ಹಿಡಿದು ಜ್ವಾಲೆ ಬಡಿಯುವವರು ಬಹುತೇಕ ದಿನಗೂಲಿಯ ಬೆಂಕಿ ಕಾವಲುಗಾರರು, ಸುತ್ತಲಿನ ಹಳ್ಳಿಗಳವರೇ.

ತಗಚೆಗೆ ಮದ್ದು

ಮದ್ದು ಬಹಳ ಹಳೆಯದು, ಬೇಸರದ್ದು: ಕೀಳುವುದು. ಮಧ್ಯಪ್ರದೇಶದ ಕಾನ್ಹಾದಂಥ ಹುಲಿ ಮೀಸಲುಗಳಲ್ಲಿ ಹುಲ್ಲುಬಯಲಿನ ತಗಚೆಯನ್ನು ಕೈಯಿಂದಲೇ ಕೀಳಿಸುತ್ತಾರೆ. ಸಮಯ ಮುಖ್ಯ. ಮಳೆಯಲ್ಲಿ ಮಣ್ಣು ಮೆತ್ತಗಿರುವಾಗ, ಹೂ ಬಂದು ಕಾಯಿ ಬಲಿಯುವ ಮುಂಚೆ, ಅಂದರೆ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಕಿತ್ತರೆ ಬೇರುಸಮೇತ ಬರುತ್ತದೆ, ಹೊಸ ಬೀಜ ನೆಲಕ್ಕೆ ಬೀಳುವುದಿಲ್ಲ. ಕಾಯಿ ಒಣಗಿದ ಮೇಲೆ ಕಿತ್ತರೆ ನಾವೇ ಬಿತ್ತಿದಂತೆ. ಒಂದು ವರ್ಷಕ್ಕೆ ಮುಗಿಯುವುದೂ ಇಲ್ಲ, ಮಣ್ಣಿನಲ್ಲಿರುವ ಹಳೆಯ ದಾಸ್ತಾನು ವರ್ಷವರ್ಷ ಮೊಳೆಯುತ್ತಲೇ ಇರುತ್ತದೆ. ಕಿತ್ತ ಜಾಗದಲ್ಲಿ ಹುಲ್ಲಿಗೆ ಮೇಯಿಸದೆ ಬಿಡುವು ಕೊಟ್ಟರೆ ಮಾತ್ರ ಕೆಲಸ ನಿಲ್ಲುತ್ತದೆ. ಬೆಂಕಿಗೆ ಅರ್ಧ ಗಂಟೆ ಸಾಕು, ಇದಕ್ಕೆ ನಾಲ್ಕೈದು ಮಳೆಗಾಲ ಬೇಕು. ಫಾರ್ವರ್ಡ್‌ಗಳಿಗೆ ಇಂಥ ಪರಿಹಾರ ಇಷ್ಟವಾಗದಿರುವುದು ಸಹಜ. ಹಳ್ಳಿಯ ಗೋಮಾಳಕ್ಕೂ ಇದೇ ಮಾತು. ಜೂನ್–ಜುಲೈನ ಎಳೆಗುಡಿಯನ್ನು ಪಲ್ಯಕ್ಕೆ ಕೊಯ್ದರೆ ಗಿಡವೂ ಅಷ್ಟು ಕಡಿಮೆ.

ಕಾಡಿನಲ್ಲಿ ಬೆಂಕಿ ಕಂಡರೆ ವಿಡಿಯೊ ಮಾಡಿ ಗುಂಪಿಗೆ ಹಾಕುವ ಮುಂಚೆ ಅರಣ್ಯ ಸಹಾಯವಾಣಿ 1926 ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಊರಿನ ಹೆಸರು ಹೇಳಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹಗಳಿಂದ ಬೆಂಕಿಯ ಜಾಗ ಗುರುತಿಸಿ ಸಂದೇಶ ಕಳಿಸುತ್ತದೆ, ಆಸಕ್ತರು ಅದರ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬಹುದು. ಗುಂಪಿಗೆ ಬಂದ ಬೆಂಕಿಯ ವಿಡಿಯೊ ಈ ವರ್ಷದ್ದೇ, ಈ ಊರಿನದೇ ಎಂದು ನೋಡಲೂ ಆ ಮಾಹಿತಿ ನೆರವಾಗುತ್ತದೆ.

ನಂಬಿಕೆ ಬರದವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚಳಿಗಾಲದಲ್ಲಿ ಒಣಗಿದ ತಗಚೆ ಕಾಯಿಯಿಂದ ಒಂದು ಹಿಡಿ ಬೀಜ ತನ್ನಿ. ಮೂರು ಲೋಟ ಇಡಿ. ಒಂದರಲ್ಲಿ ಬೀಜವನ್ನು ತಣ್ಣೀರಿಗೆ ಹಾಕಿ. ಇನ್ನೊಂದರಲ್ಲಿ ಕುದಿಸಿ ಒಲೆಯಿಂದ ಇಳಿಸಿದ ನೀರು ಹೊಯ್ದು ಹಾಗೇ ಆರಲು ಬಿಡಿ. ಮೂರನೆಯದಕ್ಕೆ ಬೀಜವನ್ನು ಮರಳುಕಾಗದದ ಮೇಲೆ ಚೆನ್ನಾಗಿ ಉಜ್ಜಿ ತಣ್ಣೀರಿಗೆ ಹಾಕಿ. ಒಂದೆರಡು ದಿನ ಬಿಟ್ಟು ಮೂರರಲ್ಲೂ ಉಬ್ಬಿದ ಬೀಜ ಎಷ್ಟೆಂದು ಎಣಿಸಿ. ತಣ್ಣೀರಿನ ಲೋಟದಲ್ಲಿ ಕಲ್ಲುಕಾಳೇ ಹೆಚ್ಚು ಉಳಿದಿರುತ್ತವೆ. ಎಣಿಸಿದ ಮೇಲೆ ಬೀಜವನ್ನು ಹಿತ್ತಲಿಗೆ ಮಾತ್ರ ಚೆಲ್ಲಬೇಡಿ.